ಬಿಳಿಯನ ಪರವಾಗಿ ಹೆಣ್ಣು ಕೇಳಿದ್ದು

ನಾನು ಹುಟ್ಟಿ ಮೂವತ್ತೊಂಬತ್ತು ವರ್ಷವಾಯಿತು. ಅಷ್ಟು ವರ್ಷವೂ ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಹುರಿದ ತಂಗಳನ್ನದ ಜೊತೆ ಒಣಮೀನು ತಿಂದಿದ್ದೇನೆ, ಅದೂ ಕೈಯಲ್ಲೇ ತಿಂದಿದ್ದೇನೆ. ಒಬ್ಬನಾದರೂ ಶಭಾಷ್ ಅಂದಿಲ್ಲ. ಟಾನೆಲ್ ಅದೇ ಒಣಮೀನನ್ನು ಕೈಯಲ್ಲಿ ತಿಂದು, ಬೆರಳು ನೆಕ್ಕಿ, ಕಣ್ಣು ಮುಚ್ಚಿ 'ಆಹಾ' ಅಂದ ವಿಡಿಯೊವನ್ನು ಹನ್ನೊಂದು ಲಕ್ಷ ಜನ ನೋಡಿದರು. ಅದರ ಕೆಳಗೆ ಮನಿಲಾದಿಂದ, ದುಬೈಯಿಂದ, ಎಲ್ಲೆಲ್ಲಿಂದಲೋ ನಮ್ಮವರೇ ಬರೆದದ್ದನ್ನು ಓದಬೇಕು. 'ಕಣ್ಣಲ್ಲಿ ನೀರು ಬಂತು.' 'ನೀನು ನಮಗಿಂತ ಹೆಚ್ಚು ಫಿಲಿಪಿನೋ.' ಆ ವಿಡಿಯೊ ತೆಗೆದವನು ನಾನು, ಮೀನು ಹುರಿದವಳು ನನ್ನಮ್ಮ. ನಮ್ಮಿಬ್ಬರಿಗಿಂತ ಹೆಚ್ಚು ಫಿಲಿಪಿನೋ ಆದವನು ಮಾತ್ರ ಎಸ್ಟೋನಿಯಾದಿಂದ ಬಂದ ಆ ಆರೂಕಾಲು ಅಡಿಯ ಮನುಷ್ಯ.

ಎಸ್ಟೋನಿಯಾ ಎಲ್ಲಿದೆ ಅಂತ ನಮ್ಮ ಬುಕಾಲ್ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಚರ್ಮ ಬೆಳ್ಳಗಿದ್ದರೆ ಸಾಕು, ನಮಗೆ ಅವನು 'ಕಾನೊ', ಅಂದರೆ ಅಮೆರಿಕದವನು. ಅಲ್ಲ ಅಲ್ಲ ಎಂದು ಎರಡು ವರ್ಷ ಹೇಳಿ ಸುಸ್ತಾದ ಟಾನೆಲ್ ಈಗ ಕಾನೊ ಎಂದು ಕರೆದರೆ ತಿರುಗಿ ನೋಡುತ್ತಾನೆ. ನಮ್ಮ ಭಾಷೆಯನ್ನು ಅವನು ಕಲಿತದ್ದು ಪೇಟೆಯ ಬಾಡಿಗೆ ಮನೆಯ ಎಂಬತ್ತೆಂಟು ವರ್ಷದ ಮುದುಕಿಯಿಂದ. ಹಾಗಾಗಿ ಅವನು ಬಾಯಿ ತೆರೆದರೆ ಯಾರದೋ ಮುತ್ತಜ್ಜ ಎದ್ದು ಬಂದ ಹಾಗಿರುತ್ತದೆ. ಮೊದಲ ದಿನ ನನ್ನ ಟ್ರೈಸಿಕಲ್ಲಿನ, ಅಂದರೆ ಬೈಕಿಗೆ ಕಟ್ಟಿದ ಬಾಡಿಗೆ ಗಾಡಿಯ, ಪಕ್ಕದ ಗೂಡಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತು, "ಸೋದರ, ಈ ವಾಹನವು ಎಷ್ಟು ಹೊತ್ತಿಗೆ ಹೊರಡುವುದು?" ಎಂದು ಕೇಳಿದ್ದ. ನಾನು ನಗುತ್ತಾ ನಗುತ್ತಾ ಗಾಡಿ ಚಾಲೂ ಮಾಡುವುದನ್ನೇ ಮರೆತೆ.

ಹಿರಿಯರನ್ನು ಕಂಡರೆ ಅವರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುವುದು ನಮ್ಮ ಪದ್ಧತಿ. ಟಾನೆಲ್ ಕಂಡಕಂಡವರ ಕೈಯನ್ನೆಲ್ಲ ಹಣೆಗೆ ಒತ್ತಿಕೊಂಡ. ಮೀನು ಮಾರುವ ಮೂವತ್ತೆರಡು ವರ್ಷದ ಹೆಂಗಸನ್ನೂ ಬಿಡಲಿಲ್ಲ. ಅವಳು "ನಾನೇನು ನಿನ್ನಜ್ಜಿನಾ?" ಎಂದು ಅದೇ ಕೈಯಲ್ಲಿ ತಲೆಗೊಂದು ಕೊಟ್ಟಳು. ನಾನು ತೆಗೆದ ಆ ವಿಡಿಯೊವನ್ನು ಇಪ್ಪತ್ತು ಲಕ್ಷ ಜನ ನೋಡಿದರು. ಗುಂಡಿ ಬಿದ್ದ ರಸ್ತೆಯಲ್ಲಿ ಹದಿನೈದು ವರ್ಷ ಹ್ಯಾಂಡಲ್ ಹಿಡಿದ ನನ್ನ ಕೈ ನಡುಗುವುದಿಲ್ಲ ಎಂದು ಅವನಿಗೆ ಗೊತ್ತಾದದ್ದು ಆ ದಿನ. ಅಂದಿನಿಂದ ನಾನು ಅವನ ಕ್ಯಾಮೆರಾದವನು.

ಇನ್ನು ಅಮಿಹಾನ್ ವಿಷಯ. ಹೇಳಲೇಬೇಕು, ಹೇಳದಿದ್ದರೆ ಈ ಕತೆಯೇ ಇಲ್ಲ. ಅಮಿಹಾನ್ ಮೂರನೇ ಕ್ಲಾಸಿನ ಟೀಚರ್, ಮಾಂಗ್ ಡೊರೊ ಅವರ ಒಬ್ಬಳೇ ಮಗಳು. ಹಿರಿಯ ಗಂಡಸರ ಹೆಸರಿಗೆ ನಾವು ಗೌರವಕ್ಕೆ 'ಮಾಂಗ್' ಸೇರಿಸುತ್ತೇವೆ. ಆರು ವರ್ಷದಿಂದ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡುವುದು, ಸಂಜೆ ಕರೆತರುವುದು ನನ್ನ ಟ್ರೈಸಿಕಲ್ಲೇ. ಆ ಆರು ವರ್ಷದಲ್ಲಿ ನಾನು ಅವಳ ಜೊತೆ ಆಡಿದ ಮಾತು ಇಷ್ಟು: 'ಮಳೆ ಬರೋ ಹಾಗಿದೆ ಟೀಚರ್', 'ಮಳೆ ನಿಂತ ಹಾಗಿದೆ ಟೀಚರ್'. ಮಳೆಯಿಲ್ಲದ ತಿಂಗಳುಗಳಲ್ಲಿ ಆ ಮಾತೂ ಇಲ್ಲ. ಅವಳೆಂದರೆ ನನಗೆ ಪ್ರಾಣ. ಅದು ಊರಿಗೆಲ್ಲ ಗೊತ್ತಿತ್ತು, ಅಮ್ಮನಿಗಂತೂ ಬಹಳ ಚೆನ್ನಾಗಿ ಗೊತ್ತಿತ್ತು.

"ಇನ್ನೂ ಆರು ವರ್ಷ ಹವಾಮಾನ ಹೇಳ್ಕೊಂಡಿರು," ಎಂದು ಹಂಗಿಸುತ್ತಿದ್ದಳು. "ರೇಡಿಯೊದವರೇ ಕರೆದು ಕೆಲಸ ಕೊಡ್ತಾರೆ."

ಕಳೆದ ಜನವರಿಯಲ್ಲಿ ಟಾನೆಲ್‌ಗೆ ಹೊಸ ಹುಚ್ಚು ಹಿಡಿಯಿತು. ಹಿಂದಿನ ಕಾಲದಲ್ಲಿ ನಮ್ಮಲ್ಲಿ ಹುಡುಗ ಹುಡುಗಿಯನ್ನು ಬಯಸಿದರೆ ಅವಳ ಮನೆಗೆ ಹೋಗಿ ದುಡಿಯುತ್ತಿದ್ದ. ಸೌದೆ ಒಡೆಯಬೇಕು, ನೀರು ಹೊರಬೇಕು, ಭತ್ತ ಕುಟ್ಟಬೇಕು. ಹುಡುಗಿಯ ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಾನೆ. ಒಪ್ಪಿಗೆಯಾದರೆ ಹುಡುಗನ ಹಿರಿಯರು ಹೆಣ್ಣು ಕೇಳಲು ಬರುತ್ತಾರೆ. ಅದಕ್ಕೆ ನಾವು 'ಮೆಟ್ಟಿಲು ಹತ್ತುವುದು' ಅನ್ನುತ್ತೇವೆ. ಇದನ್ನೆಲ್ಲ ಏಳು ದಿನ ಮಾಡಿ ತೋರಿಸುತ್ತೇನೆ ಎಂದ ಟಾನೆಲ್. ಇನ್ನೂ ಸೌದೆ ಒಲೆ ಇರುವ, ಇನ್ನೂ ಚಿಲುಮೆಯಿಂದ ನೀರು ಹೊರುವ, ಮದುವೆಯಾಗದ ಮಗಳಿರುವ ಮನೆ ಬುಕಾಲ್‌ನಲ್ಲಿ ಒಂದೇ ಒಂದು. ಯಾವುದೆಂದು ಹೇಳಬೇಕಾಗಿಲ್ಲ.

"ಸೋದರ, ತಾವೇ ಹೋಗಿ ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು," ಎಂದ. "ಇದು ಕೇವಲ ಪ್ರದರ್ಶನ. ಯಾರ ಹೃದಯಕ್ಕೂ ನೋವಾಗಕೂಡದು. ಅವರು ಸಮ್ಮತಿಸದಿದ್ದರೆ ನಾವು ಮಾಡುವುದು ಬೇಡ."

ಬಿಳಿಯ ಒಳ್ಳೆಯವನೇ. ಅದೇ ನನ್ನ ಸಂಕಟ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ನಾನು ಹೋದಾಗ ಮಾಂಗ್ ಡೊರೊ ಊಟಕ್ಕೆ ಕೂತಿದ್ದರು. ತೆಂಗಿನ ಮರ ಹತ್ತಿ ಹತ್ತಿ ಎದೆಯೆಲ್ಲ ದಡ್ಡುಗಟ್ಟಿದ ಮುದುಕ. ಮಾತು ಕಡಿಮೆ, ನೋಟ ಜಾಸ್ತಿ.

"ಬಾರೋ ಸೆಲ್ಮೊ, ಊಟ ಮಾಡು."

"ಬೇಡ, ಈಗಷ್ಟೇ ಆಯ್ತು," ಎಂದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. "ಅದೂ... ಕಾನೊ ಇದ್ದಾನಲ್ಲ, ನಿಮ್ಮ ಮನೆಗೆ ಬಂದು ಸೌದೆ ಒಡೀಬೇಕು, ನೀರು ಹೊರಬೇಕು ಅಂತಾನೆ."

ಮುದುಕನ ತುತ್ತು ಅರ್ಧದಲ್ಲೇ ನಿಂತಿತು. "ನನ್ನ ಮನೇಲಿ? ಮಗಳಿರೋ ಮನೇಲಿ ಸೌದೆ ಒಡೀಬೇಕು ಅಂತಾನಾ?"

"ಹೌದು."

"ಎಷ್ಟು ದಿನ?"

"ಏಳು."

"ನಾನು ಇವಳಮ್ಮನ ಮನೇಲಿ ಎರಡು ವರ್ಷ ಒಡೆದಿದ್ದೆ," ಎಂದು ಮೂಗು ಮುರಿದರು. "ಇರಲಿ, ಹೊರಗಿನವನು. ಬರಲಿ."

ಇನ್ನು ಒಂದೇ ಒಂದು ಮಾತು ಬಾಕಿಯಿತ್ತು. 'ಇದೆಲ್ಲ ನಾಟಕ, ಮಾಂಗ್ ಡೊರೊ.' ಅಷ್ಟರಲ್ಲಿ ಅಮಿಹಾನ್ ಒಳಗಿನಿಂದ ಕಾಫಿ ತಂದಳು, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ತಂದಳು. "ಕುಯಾ ಸೆಲ್ಮೊ, ನೀವೂ ದಿನಾ ಬರ್ತೀರಾ?" ಎಂದಳು. ಕುಯಾ ಅಂದರೆ ಅಣ್ಣ.

"ಕ್ಯಾಮೆರಾ ಹಿಡೀಬೇಕಲ್ಲ ಟೀಚರ್."

"ಹಾಗಾದರೆ ಕಡುಬು ಜಾಸ್ತಿ ಮಾಡ್ಬೇಕು."

ಕಡುಬು ಬಾಯಲ್ಲಿಟ್ಟುಕೊಂಡು, ಅದನ್ನು ಮಾಡಿದವಳ ಅಪ್ಪನಿಗೆ 'ನಿಮ್ಮ ಮಗಳನ್ನು ಇಟ್ಟುಕೊಂಡು ನಾಟಕ ಆಡ್ತೇವೆ' ಎಂದು ಹೇಗೆ ಹೇಳುವುದು? ದಾಕ್ಷಿಣ್ಯ ಅಡ್ಡ ಬಂತು. ದಾಕ್ಷಿಣ್ಯಕ್ಕೆ ಸಿಕ್ಕಿ ನಮ್ಮವರು ಮನೆ ಮಾರಿಕೊಂಡಿದ್ದಾರೆ, ಬೇಡದಿದ್ದರೂ ಇನ್ನೊಬ್ಬರ ಮಕ್ಕಳಿಗೆ ಚರ್ಚಿನಲ್ಲಿ ಧರ್ಮಪಿತರಾಗಿದ್ದಾರೆ. ನಾನು ಎರಡನೇ ಕಡುಬು ತಿಂದು ಎದ್ದುಬಂದೆ.

"ತಿಳಿಸಿದಿರಾ?" ಎಂದ ಟಾನೆಲ್.

"ತಿಳಿಸಿದೆ."

ನಾಳೆ ಹೇಳಿದರಾಯಿತು ಎಂದುಕೊಂಡೆ.

ಮೊದಲ ದಿನ ಟಾನೆಲ್ ಕೊಡಲಿ ಎತ್ತಿ ಬೀಸಿದ ರಭಸಕ್ಕೆ ಸೌದೆ ಹಾರಿ ಕೋಳಿಗೂಡಿನ ಮೇಲೆ ಬಿತ್ತು. ಎರಡನೆಯದು ಸೀಳಲಿಲ್ಲ. ಮೂರನೆಯದರಲ್ಲಿ ಕೊಡಲಿಯೇ ಸಿಕ್ಕಿಕೊಂಡು, ಅದನ್ನು ಕೀಳಲು ಅವನು ಅಂಗಳ ತುಂಬ ಕುಣಿದ. ನೋಡಿದವರಿಗೆ ಕರುಳು ಚುರ್ ಅಂದಿತು. 'ನಮ್ಮ ಗಂಡಸರು ಇವನ ಕಾಲು ತೊಳೆದು ನೀರು ಕುಡೀಬೇಕು' ಎಂದು ರಿಯಾದ್‌ನ ಯಾರೋ ನರ್ಸಮ್ಮ ಬರೆದಳು. ಕ್ಯಾಮೆರಾ ಕೆಳಗಿಟ್ಟ ಮೇಲೆ ಸಂಜೆಯ ಅಡುಗೆಗೆ ಸೌದೆ ಬೇಕಲ್ಲ, ಆ ರಾಶಿಯನ್ನೆಲ್ಲ ನಾನು ಒಡೆದೆ. ನನ್ನ ಕಾಲನ್ನು ಯಾರೂ ತೊಳೆಯಲಿಲ್ಲ.

ಎರಡನೇ ದಿನ ಅಡ್ಡೆ ಹೆಗಲಿಗಿಟ್ಟು ಎರಡು ಬಕೆಟ್ ನೀರು ತರಬೇಕಿತ್ತು. ಚಿಲುಮೆಯಿಂದ ಮನೆ ತಲುಪುವಷ್ಟರಲ್ಲಿ ಟಾನೆಲ್‌ನ ಚಡ್ಡಿಯಲ್ಲಿದ್ದ ನೀರು ಬಕೆಟ್ಟಿನಲ್ಲಿದ್ದದ್ದಕ್ಕಿಂತ ಹೆಚ್ಚು. ಮತ್ತೆ ನಾನೇ ನಾಲ್ಕು ಸಲ ಹೋಗಿ ಹಂಡೆ ತುಂಬಿಸಿದೆ. ಮೂರನೇ ದಿನ ಭತ್ತ ಕುಟ್ಟುವಾಗ ಒನಕೆ ಒರಳನ್ನು ಬಿಟ್ಟು ಅವನ ಕಾಲಿನ ಮೇಲೆ ಬಿತ್ತು. ಅವನು ಕುಂಟುತ್ತಾ ನಕ್ಕದ್ದಕ್ಕೆ ಮೂವತ್ತು ಲಕ್ಷ ಜನ. ಉಳಿದ ಭತ್ತ ಕುಟ್ಟಿದ್ದು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಆದರೆ ಸುಳ್ಳು ಹೇಳಬಾರದು. ಆ ದಿನಗಳಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಒಡೆದ ಸೌದೆಯನ್ನು ಅಡುಗೆಮನೆಗೆ ನಾನೇ ಒಯ್ಯುತ್ತಿದ್ದೆ. ಅಮಿಹಾನ್ ಒಲೆಯ ಮುಂದೆ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಾ ಕೂತಿರುತ್ತಿದ್ದಳು. ಮಳೆಯ ಸುದ್ದಿ ಬಿಟ್ಟು ಬೇರೆ ಮಾತು ನಮಗೆ ಬಂದದ್ದು ಅಲ್ಲೇ. ಯಾವ ಹುಡುಗ ಇಲಿಯ ಚಿತ್ರ ಬರೆದು ಹೆಡ್‌ಮಾಸ್ತರು ಅಂತ ಹೆಸರಿಟ್ಟ, ಯಾವ ಹುಡುಗಿ ಹಲ್ಲು ಬಿದ್ದಿದ್ದಕ್ಕೆ ರಜೆ ಕೇಳಿದಳು, ಎಲ್ಲ ಹೇಳುತ್ತಿದ್ದಳು. ಪ್ರತಿದಿನ ಬೆಳಿಗ್ಗೆ 'ಇವತ್ತು ನಿಜ ಹೇಳಿಬಿಡ್ತೀನಿ' ಎಂದು ಹೊರಡುತ್ತಿದ್ದೆ. ಆ ಅಡುಗೆಮನೆಗೆ ಕಾಲಿಟ್ಟ ಕೂಡಲೇ 'ನಾಳೆ' ಅನ್ನುತ್ತಿದ್ದೆ.

ನಾಲ್ಕನೇ ದಿನ ಅವಳು ಪುಸ್ತಕದಿಂದ ತಲೆ ಎತ್ತದೆ ಕೇಳಿದಳು. "ಕುಯಾ, ನಿಮ್ಮ ಕಾನೊ ಹೇಗೆ?"

"ಒಳ್ಳೆಯವನು."

"ಕುಡಿತಾನಾ?"

"ಒಂದು ಗುಟುಕು ಹೊಟ್ಟೆಗಿಳಿದ್ರೆ ಹಾಡ್ತಾನೆ."

"ಅಲ್ಲೆಲ್ಲ ತುಂಬಾ ಚಳಿಯಂತೆ. ನನಗೆ ಆಗುತ್ತೋ ಇಲ್ವೋ."

ನನ್ನ ಕೈಯಲ್ಲಿದ್ದ ಸೌದೆ ಕಾಲಿನ ಮೇಲೆ ಬಿತ್ತು. ಅವಳು ನಗಲಿಲ್ಲ, ಇನ್ನೊಂದು ಪುಸ್ತಕ ತೆಗೆದುಕೊಂಡಳು. ಆಗ ನನಗೆ ನಿಜವಾಗಿ ಭಯವಾಯಿತು. ಇಷ್ಟು ದಿನ ಮುದುಕನಿಗೆ ಮೋಸವಾಗುತ್ತದಲ್ಲ ಎಂದಷ್ಟೇ ಅಳುಕುತ್ತಿದ್ದೆ. ಈಗ ನೋಡಿದರೆ ಇವಳು ಮನಸ್ಸಿನಲ್ಲೇ ಉಣ್ಣೆ ಕೋಟು ಹೊಲಿಸುತ್ತಿದ್ದಾಳೆ. ನಿಜ ಹೇಳಿದರೆ ಊರ ಮುಂದೆ ಅವಳ ಮಾನ ಹೋಗುತ್ತದೆ, ಹೇಳದಿದ್ದರೆ ಅವಳೇ ಹೋಗುತ್ತಾಳೆ. ಎರಡಕ್ಕೂ ನಾನೇ ಕಾರಣ.

ಆರನೇ ದಿನ ಮಾಂಗ್ ಡೊರೊ ಜಗಲಿಯಿಂದ ಎದ್ದು ನಿಂತು ತೀರ್ಪು ಕೊಟ್ಟರು. "ಹುಡುಗ ಪರವಾಗಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸ್ಕೊಂಡು ಹಿರಿಯರನ್ನ ಕರ್ಕೊಂಡು ಮೆಟ್ಟಿಲು ಹತ್ತಲಿ."

ಟಾನೆಲ್‌ಗೆ ಹಿಡಿಸಲಾರದಷ್ಟು ಖುಷಿ. ಕೊನೆಯ ಕಂತನ್ನು ನೇರಪ್ರಸಾರ ಮಾಡುವುದೆಂದು ಅಲ್ಲೇ ನಿಂತು ಸಾರಿದ. "ಆದರೆ ಸೋದರ, ನನಗೆ ಇಲ್ಲಿ ಮಾತಾಪಿತೃಗಳಿಲ್ಲ. ತಮ್ಮ ಪೂಜ್ಯ ಮಾತೆ ನನ್ನ ಮಾತೆಯಾಗಿ ಬರಲಿ. ವರನು ತಾನೇ ಮಾತಾಡುವಂತಿಲ್ಲವಷ್ಟೆ? ನನ್ನ ಪರವಾಗಿ ಕನ್ಯೆಯನ್ನು ತಾವೇ ಕೇಳಬೇಕು."

"ನಾನಾ?"

"ತಮ್ಮ ಹೊರತು ಇನ್ನಾರು?"

"ಟಾನೆಲ್, ಅವರಿಗೆ ಇದು... ಅವರು ನಿಜ ಅಂದ್ಕೊಂಡ್ರೆ?"

"ತಾವು ತಿಳಿಸಿದ್ದೀರಲ್ಲ," ಎಂದು ಅವನು ನನ್ನ ಬೆನ್ನು ತಟ್ಟಿದ.

ಅಮ್ಮನ ಹತ್ತಿರ ಹೋಗಿ ಗೋಳು ತೋಡಿಕೊಳ್ಳೋಣವೆಂದರೆ ಅವಳು ಆಗಲೇ ಪೆಟ್ಟಿಗೆ ತೆಗೆದು ಅನಾನಸ್ ನಾರಿನ ಹಳೆಯ ರವಿಕೆಯನ್ನು ಬಿಸಿಲಿಗೆ ಹಾಕಿದ್ದಳು. "ಹೆತ್ತ ಮಗನಿಗಂತೂ ಮೆಟ್ಟಿಲು ಹತ್ತೋ ಯೋಗ ಬರ್ಲಿಲ್ಲ," ಎಂದಳು. "ಬಿಳಿ ಮಗನಿಗಾದರೂ ಹತ್ತೋಣ."

"ಅಮ್ಮಾ, ಇದೆಲ್ಲ ಸುಳ್ಳಮ್ಮ."

"ಅಕ್ಕಿ ನೆನೆಸಿದ್ದೀನಿ. ಅದು ಸುಳ್ಳಲ್ಲ. ಹೋಗಿ ತೆಂಗಿನಕಾಯಿ ತುರಿ."

ಶನಿವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಮಾಂಗ್ ಡೊರೊ ಹತ್ತಿರ ಹೋದೆ. ಅವರು ಹಂದಿಯ ಕಿವಿ ಹಿಡಿದು ನಿಂತಿದ್ದರು. "ಇದೋ, ಅದೋ?" ಎಂದು ಇನ್ನೊಂದನ್ನು ತೋರಿಸಿದರು. ಮಗಳ ಸಂಭ್ರಮಕ್ಕೆ ಹಂದಿ ಆರಿಸುತ್ತಿರುವ ಅಪ್ಪನಿಗೆ ಏನು ಹೇಳುತ್ತೀರಿ? ನಾನು "ಅದು" ಎಂದು ಹೇಳಿ ವಾಪಸ್ಸು ಬಂದೆ. ನನ್ನಂಥ ಹೇಡಿಯನ್ನು ಬುಕಾಲ್ ಕಂಡಿರಲಿಕ್ಕಿಲ್ಲ.

ಭಾನುವಾರ ಮನೆ ತುಂಬ ಜನ. ಅಮಿಹಾನ್‌ಳ ಸೋದರತ್ತೆಯರು, ಚಿಕ್ಕಪ್ಪಂದಿರು, ಅಕ್ಕಪಕ್ಕದವರು, ಹಣೆಗೊತ್ತಿದ್ದಕ್ಕೆ ಹೊಡೆದ ಆ ಮೀನಿನವಳು. ನಾನು ಮಾತಾಡಬೇಕಾದ್ದರಿಂದ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದಾಯಿತು. ಟಾನೆಲ್ ಕಸೂತಿಯ ಬಿಳಿ ಅಂಗಿ ಹಾಕಿಕೊಂಡು, ತಲೆ ಮಾಡಿಗೆ ತಾಗದಂತೆ ಬಗ್ಗಿ, ಅಮ್ಮನ ಪಕ್ಕ ಕೂತ. ಅಮಿಹಾನ್ ಎದುರಿಗೆ, ಅಪ್ಪನ ಪಕ್ಕ. ಕಿವಿಗೆ ಅವಳಮ್ಮನ ಓಲೆ ಇಟ್ಟಿದ್ದಳು. ಒಂದು ಲಕ್ಷ ಎಂಬತ್ತು ಸಾವಿರ ಜನ ನೋಡುತ್ತಿದ್ದಾರೆ ಎಂದು ಟಾನೆಲ್ ಪಿಸುಗುಟ್ಟಿದ.

ಅಮ್ಮ ನನ್ನ ಪಕ್ಕೆಗೆ ತಿವಿದಳು. ನಾನು ಎದ್ದು ನಿಂತೆ.

"ಮಾಂಗ್ ಡೊರೊ," ಎಂದೆ. "ನಮ್ಮ ಹುಡುಗ ಏಳು ದಿನ ನಿಮ್ಮ ಮನೇಲಿ ದುಡಿದಿದ್ದಾನೆ."

"ಹೌದು," ಎಂದರು ಅವರು.

"ಸೌದೆ ಒಡೆದಿದ್ದಾನೆ."

ಯಾರೋ ಕೆಮ್ಮಿದರು.

"ನೀರು ಹೊತ್ತಿದ್ದಾನೆ. ಭತ್ತ ಕುಟ್ಟಿದ್ದಾನೆ. ನಿಮ್ಮ ಮಗಳನ್ನ..." ಇಲ್ಲಿಗೆ ನಿಂತೆ. ಮುಂದಿನ ಮಾತನ್ನು ಮೂರು ದಿನ ಗಾಡಿ ಓಡಿಸುತ್ತಾ ಬಾಯಿಪಾಠ ಮಾಡಿದ್ದೆ. ಅಮಿಹಾನ್ ನನ್ನನ್ನೇ ನೋಡುತ್ತಿದ್ದಳು. "ನಿಮ್ಮ ಮಗಳನ್ನ ನಮ್ಮ ಹುಡುಗನಿಗೆ..."

ಬರಲಿಲ್ಲ. ಹದಿನೈದು ವರ್ಷದಲ್ಲಿ ನಡುಗದ ಕೈ ನಡುಗಿತು.

"ಇದೆಲ್ಲ ಸುಳ್ಳು, ಮಾಂಗ್ ಡೊರೊ," ಎಂದುಬಿಟ್ಟೆ. "ಇದು ನಾಟಕ. ಟಾನೆಲ್‌ದು ತಪ್ಪಿಲ್ಲ. ನಿಮಗೆ ಮೊದಲೇ ಹೇಳು ಅಂತ ನನ್ನ ಕಳಿಸಿದ್ದ. ನಾನು ಹೇಳಲಿಲ್ಲ. ಹೇಳಿದೆ ಅಂತ ಅವನಿಗೂ ಸುಳ್ಳು ಹೇಳಿದೆ. ಟೀಚರ್, ನಿಮ್ಮನ್ನ ಊರ ಮುಂದೆ ಹೀಗೆ ತಂದು ನಿಲ್ಲಿಸಿದವನು ನಾನು. ಬೇಕಾದ್ರೆ ಆ ಒನಕೆ ತಗೊಂಡು ಹೊಡೀರಿ."

ಹಿತ್ತಲಲ್ಲಿ ಹಂದಿ ಸುಡುವ ಬೆಂಕಿ ಚಟಪಟ ಎಂದಿತು. ಆಮೇಲೆ ಮೀನಿನವಳು ಕಿಸಕ್ ಎಂದಳು. ಚಿಕ್ಕಪ್ಪಂದಿರಲ್ಲಿ ಒಬ್ಬ ಬಾಯಿಗೆ ಟೋಪಿ ಅಡ್ಡ ಹಿಡಿದುಕೊಂಡ. ನೋಡುತ್ತಿದ್ದಂತೆ ಮನೆಗೆ ಮನೆಯೇ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ನನ್ನಮ್ಮ ಆ ಅನಾನಸ್ ರವಿಕೆಯಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು.

"ಸೋದರ, ಕ್ಷಮೆಯಿರಲಿ," ಎಂದ ಟಾನೆಲ್. "ಎರಡನೆಯ ದಿನ ತಾವು ನೀರಿಗೆ ಹೋಗಿದ್ದಾಗ, ಈ ಪ್ರದರ್ಶನಕ್ಕೆ ಒಪ್ಪಿದ್ದಕ್ಕಾಗಿ ಹಿರಿಯರಿಗೆ ವಂದನೆ ಹೇಳಿದೆನು. ಅವರು 'ಯಾವ ಪ್ರದರ್ಶನ?' ಎಂದು ಕೇಳಿದರು."

"ಅವತ್ತೇ ಗೊತ್ತಾಯ್ತು," ಎಂದರು ಮಾಂಗ್ ಡೊರೊ. "ಮೊದಲು ಸಿಟ್ಟು ಬಂತು. ನಿನ್ನ ಕಾಲು ಮುರೀಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ನೀನು ನಾಲ್ಕನೇ ಸಲ ನೀರು ಹೊತ್ಕೊಂಡು ಬಂದೆ. ಯಾರೂ ಹೇಳಿರಲಿಲ್ಲ, ಯಾರೂ ನೋಡ್ತಾನೂ ಇರಲಿಲ್ಲ. ಸರಿ, ಇವನು ಯಾವಾಗ ಬಾಯಿ ಬಿಡ್ತಾನೋ ನೋಡೋಣ ಅಂತ ನಿನ್ನಮ್ಮನಿಗೆ ಹೇಳಿ ಕಳಿಸಿದೆ."

"ಊರಿಗೆಲ್ಲ ಗೊತ್ತಿತ್ತಾ?"

"ನಿನ್ನೊಬ್ಬನ ಬಿಟ್ಟು," ಎಂದಳು ಅಮ್ಮ.

ನನಗೆ ಸಿಟ್ಟು, ಅವಮಾನ, ನಗು ಎಲ್ಲ ಒಟ್ಟಿಗೆ ಬಂತು. ಅಡುಗೆಮನೆಯಲ್ಲಿ 'ನನಗೆ ಚಳಿ ಆಗುತ್ತೋ ಇಲ್ವೋ' ಎಂದವಳ ಕಡೆ ತಿರುಗಿದೆ. ಅವಳೊಬ್ಬಳೇ ನಗುತ್ತಿರಲಿಲ್ಲ.

"ನಾಟಕ ಅಂತ ಯಾಕೆ ಹೇಳಲಿಲ್ಲ?" ಎಂದಳು. "ಅದನ್ನ ಹೇಳಿ. ಉಳಿದದ್ದೆಲ್ಲ ಗೊತ್ತು."

ನಾನು ಬಾಯಿ ತೆರೆದೆ. ಒಂದು ಲಕ್ಷ ಎಂಬತ್ತು ಸಾವಿರವೋ, ಎರಡು ಲಕ್ಷವೋ, ಅಷ್ಟೂ ಜನರ ಕಣ್ಣು ಆ ಮೂರು ಕಾಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿದೆ. ಅಮಿಹಾನ್ ಎದ್ದಳು. ಮೂರು ಹೆಜ್ಜೆ ನಡೆದು ಹೋಗಿ ಕ್ಯಾಮೆರಾ ಆರಿಸಿದಳು.

ಟಾನೆಲ್ "ಅಯ್ಯೋ!" ಎಂದು ತಲೆಯ ಮೇಲೆ ಕೈ ಹೊತ್ತ. ಎರಡು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಸರಿಯಾದ ಆಡುಮಾತು ಅದೇ.

"ಈಗ ಹೇಳಿ," ಎಂದಳು. "ಯಾರೂ ನೋಡ್ತಿಲ್ಲ."

ಇಪ್ಪತ್ತೇಳು ಜನ ನೆಂಟರು ಕುತ್ತಿಗೆ ಉದ್ದ ಮಾಡಿಕೊಂಡು ನೋಡುತ್ತಿದ್ದರು. ಇರಲಿ, ಅವರು ನಮ್ಮವರು.

"ಹೇಳಿಬಿಟ್ಟಿದ್ರೆ ಮಾರನೇ ದಿನದಿಂದ ಈ ಮನೆಗೆ ಬರೋಕೆ ನನಗೆ ಒಂದು ನೆಪ ಇರ್ತಿರ್ಲಿಲ್ಲ," ಎಂದೆ. "ಆರು ವರ್ಷದಿಂದ ನೆಪ ಹುಡುಕ್ತಾ ಇದ್ದೆ. ಟಾನೆಲ್‌ಗಾಗಿ ಅಲ್ಲ. ನನಗಾಗಿ ಕೇಳ್ತಾ ಇದ್ದೀನಿ, ಮಾಂಗ್ ಡೊರೊ. ನಿಮ್ಮ ಮಗಳನ್ನ ನನಗೆ ಕೊಡಿ."

ಅಮ್ಮ ಈ ಸಲ ನಗಲಿಲ್ಲ. ಟಾನೆಲ್‌ನ ಪಕ್ಕದಿಂದ ಎದ್ದು ಬಂದು ನನ್ನ ಪಕ್ಕ ಕೂತಳು. ತಂದ ಕಡುಬಿನ ಬುಟ್ಟಿಯನ್ನೂ ಎಳೆದುಕೊಂಡು ಬಂದಳು.

ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ, ಈ ಏಳು ದಿನದಲ್ಲಿ ಒಮ್ಮೆಯೂ ನೋಡಿರದವರಂತೆ ನೋಡಿದರು.

"ಆ ಏಳು ದಿನ ಕಾನೊದು. ಅದು ನಿನ್ನ ಲೆಕ್ಕಕ್ಕಿಲ್ಲ," ಎಂದರು. "ನಾಳೆ ಬೆಳಿಗ್ಗೆ ಐದಕ್ಕೆ ಬಾ. ಸೌದೆ, ನೀರು, ಭತ್ತ, ಹಿತ್ತಲು, ಎಲ್ಲ ನಿಂದೇ. ಒಂದು ವರ್ಷ."

ಒಂದು ವರ್ಷ! ಚಿಕ್ಕಪ್ಪಂದಿರು ತಲೆಯಾಡಿಸಿದರು. ನಾನು ಒಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅಮಿಹಾನ್ ಅಪ್ಪನ ತೋಳು ಹಿಡಿದಳು. ಅವಳ ಮುಖ ಕೆಂಪಾಗಿತ್ತು.

"ಒಂದು ವರ್ಷ ಯಾಕಪ್ಪಾ?" ಎಂದಳು. "ಮೂರು ತಿಂಗಳು ಸಾಕು."